ನಡುನೀರಿನ ಟ್ಯೂನಾಗೆ ರಬ್ಬರ್ ಮೀನು ಬಿಡುವುದು ಹೇಗೆ?

ಟ್ಯೂನಾ ನೀರಿನ ಮೇಲೆ ನೆಗೆಯುತ್ತಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಮೇಲೂ ಬರದೆ, ತಳಕ್ಕೂ ಹೋಗದೆ ನಡುನೀರಲ್ಲಿ ನಿಂತಾಗಲೇ ಕಷ್ಟ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಕೇಪ್ ಕಾಡ್ ಮತ್ತು ಕೇಪ್ ಆ್ಯನ್ ನಡುವೆ ಸ್ಟೆಲ್‌ವ್ಯಾಗನ್ ಬ್ಯಾಂಕ್ ಎಂಬ ಮುಳುಗಿದ ಮರಳು ದಿಬ್ಬವಿದೆ. ಜೂನ್ ಹೊತ್ತಿಗೆ ಬ್ಲೂಫಿನ್ ಟ್ಯೂನಾ ಅಲ್ಲಿಗೆ ಬರುತ್ತದೆ. ಮರಳಲ್ಲಿ ಹೂತುಕೊಳ್ಳುವ ಸ್ಯಾಂಡ್ ಈಲ್ ಎಂಬ ಸಪೂರ ಮೀನೆಂದರೆ ಅದಕ್ಕೆ ಪ್ರಾಣ. ಬೋಸ್ಟನ್ ಸುತ್ತಮುತ್ತಲಿನ ಕನ್ನಡಿಗರು ಯಾರಾದರೂ ಬಾಡಿಗೆ ದೋಣಿ ಹತ್ತುವ ಯೋಚನೆಯಲ್ಲಿದ್ದರೆ ಓದಿಕೊಳ್ಳಿ.

ಮೊದಲು ಸಾಮಾನು. 7 ಅಡಿಯ ಗಟ್ಟಿ ರಾಡ್, ದೊಡ್ಡ ಸ್ಪಿನ್ನಿಂಗ್ ರೀಲ್, 65ರಿಂದ 80 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ) ದಾರ, ತುದಿಗೆ ಫ್ಲೋರೋಕಾರ್ಬನ್ ಲೀಡರ್, ಅಂದರೆ ನೀರಲ್ಲಿ ಸುಲಭಕ್ಕೆ ಕಾಣದ ತುಂಡು ದಾರ. ಸ್ಯಾಂಡ್ ಈಲ್‌ನಂತೆ ಕಾಣುವ, 7ರಿಂದ 10 ಇಂಚಿನ ತೆಳ್ಳಗಿನ ರಬ್ಬರ್ ಮೀನು ಸಾಕು. ಬಣ್ಣದ ಬಗ್ಗೆ ದೋಣಿಯಲ್ಲಿ ಎಲ್ಲರೂ ವಾದ ಮಾಡುತ್ತಾರೆ. ಸುಮ್ನೆ ಬಿಳಿ ಒಂದು, ಕಪ್ಪು ಒಂದು ಇಟ್ಟುಕೊಳ್ಳಿ.

ಸೀಸದ ತಲೆಯ ಗಾಳಕ್ಕೆ ರಬ್ಬರ್ ಮೀನನ್ನು ಚುಚ್ಚುವಾಗ ಮಾತ್ರ ಆತುರ ಬೇಡ. ಗಾಳವನ್ನು ಪಕ್ಕದಲ್ಲಿಟ್ಟು, ಮೊನೆ ಎಲ್ಲಿ ಹೊರಬರಬೇಕೋ ಅಲ್ಲಿ ಉಗುರಿನಿಂದ ಗುರುತು ಮಾಡಿ. ಮೂತಿಯ ನಟ್ಟನಡುವೆ ಚುಚ್ಚಿ, ಬೆನ್ನಿನ ನಡುಗೆರೆಯಲ್ಲೇ ಹೊರತೆಗೆಯಿರಿ. ಕತ್ತಿನ ಹತ್ತಿರ ಒಂದು ತೊಟ್ಟು ಸೂಪರ್ ಗ್ಲೂ. ಸ್ವಲ್ಪ ಸೊಟ್ಟಗಾದರೂ ನೀರಲ್ಲಿ ಗಿರಗಿರ ತಿರುಗುತ್ತದೆ, ಟ್ಯೂನಾ ಹತ್ತಿರವೂ ಸುಳಿಯುವುದಿಲ್ಲ.

ಈಗ ಅಸಲಿ ವಿಷಯ: ಆಳ. ನೀರೊಳಗಿನ ಮೀನು ತೋರಿಸುವ ಫಿಶ್ ಫೈಂಡರ್ ಯಂತ್ರದ ಪರದೆಯಲ್ಲಿ ಟ್ಯೂನಾ 60 ಅಡಿಯಲ್ಲಿ ಕಂಡಿತು ಅನ್ನಿ. ನಿಮ್ಮ ರಬ್ಬರ್ ಮೀನು 60 ಅಡಿ ತಲುಪಿದೆ ಅಂತ ಹೇಗೆ ಗೊತ್ತಾಗಬೇಕು? ಪ್ರತಿ 10 ಮೀಟರಿಗೆ (ಸುಮಾರು 33 ಅಡಿ) ಬಣ್ಣ ಬದಲಾಗುವ ದಾರ ಸಿಗುತ್ತದೆ, ಅದನ್ನೇ ಸುತ್ತಿಸಿ. ಒಂದು ಬಣ್ಣ ಪೂರ್ತಿ ಇಳಿಯಲು ಎಷ್ಟು ಎಣಿಕೆ ಬೇಕು ಅಂತ ಮೊದಲೇ ನೋಡಿಕೊಳ್ಳಿ. ಆಮೇಲೆ ಆ ಎಣಿಕೆಯಿಂದಲೇ ಲೆಕ್ಕ. ಟ್ಯೂನಾಗಿಂತ ತುಸು ಮೇಲೆ ನಿಲ್ಲಿಸಿ. ಕೆಳಗೆ ಹೋದರೆ ದಂಡ. ಗಾಳಿಗೆ ದೋಣಿ ಸರಿದು ದಾರ ಓರೆಯಾದರೆ ಎಣಿಕೆ ಸುಳ್ಳಾಗುತ್ತದೆ: 60 ಅಡಿ ದಾರ ಹೋಗಿರುತ್ತದೆ, ರಬ್ಬರ್ ಮೀನು 40 ಅಡಿಯಲ್ಲೇ ತೇಲುತ್ತಿರುತ್ತದೆ. ಆಗ ಇನ್ನೂ ಭಾರದ ತಲೆ ಹಾಕಿ.

ಆಡಿಸುವುದು ನಿಧಾನಕ್ಕೆ. ರಾಡನ್ನು ಒಂದೆರಡು ಅಡಿ ಎತ್ತಿ, ದಾರ ಪೂರ್ತಿ ಸಡಿಲ ಬಿಡದೆ ಜೊತೆಜೊತೆಗೇ ಇಳಿಸಿ. ಹೊಸಬರು ಬಾವಿಯಿಂದ ಕೊಡ ಸೇದುವ ಹಾಗೆ ಜಗ್ಗುತ್ತಾರೆ. ಬೇಡ. ಟ್ಯೂನಾ ಬಾಯಿ ಹಾಕುವುದು ಹೆಚ್ಚಾಗಿ ಇಳಿಯುವಾಗಲೇ. ಎಣಿಕೆ ಮುಗಿಯುವ ಮೊದಲೇ ದಾರ ನಿಂತರೆ, ಇಲ್ಲವೇ ಒಮ್ಮೆಲೇ ಜೋತುಬಿದ್ದರೆ, ಯೋಚಿಸುತ್ತ ಕೂರಬೇಡಿ. ಜೋರಾಗಿ ಸುತ್ತಿ, ಭಾರ ಸಿಕ್ಕಿದ ಮೇಲೆ ರಾಡ್ ಎಳೆಯಿರಿ.

ಆಮೇಲೆ ನಿಮ್ಮ ಕೈಯಲ್ಲಿ ಜಾಸ್ತಿ ಏನೂ ಇರುವುದಿಲ್ಲ. ರೀಲ್‌ನ ಡ್ರ್ಯಾಗ್, ಅಂದರೆ ದಾರ ಓಡದಂತೆ ತಡೆಯುವ ಬ್ರೇಕನ್ನು, ದಾರದ ಶಕ್ತಿಯ ಕಾಲು ಭಾಗಕ್ಕೆ ಮೊದಲೇ ಬಿಗಿ ಮಾಡಿರಬೇಕು. ಓಡುವಾಗ ಓಡಲಿ. ದಾರವನ್ನು ಕೈಗೆ ಸುತ್ತಿಕೊಂಡರೆ ಬೆರಳು ಹೋದೀತು, ಹುಷಾರು. ಕೊನೆಗೆ ಟ್ಯೂನಾ ದೋಣಿಯ ಕೆಳಗೆ ಸುತ್ತು ಹೊಡೆಯುತ್ತದೆ, ಆಗ ದಾರ ಪ್ರೊಪೆಲ್ಲರಿಗೆ ಸಿಗದಂತೆ ನೋಡಿಕೊಳ್ಳಿ.

ದೋಣಿಗೆ ಟ್ಯೂನಾ ಹಿಡಿಯುವ ಪರ್ಮಿಟ್ ಇದೆಯಾ ಅಂತ ಹತ್ತುವ ಮುಂಚೆಯೇ ಕೇಳಿ. ಹವ್ಯಾಸಕ್ಕೆ ಹಿಡಿಯುವವರು 27 ಇಂಚಿಗಿಂತ ಚಿಕ್ಕ ಬ್ಲೂಫಿನ್ ಇಟ್ಟುಕೊಳ್ಳುವಂತಿಲ್ಲ. ಎಷ್ಟು ಮೀನು ಅನ್ನುವ ಮಿತಿ ಸೀಸನ್ ಮಧ್ಯದಲ್ಲೂ ಬದಲಾಗುತ್ತದೆ.

ಇಟ್ಟುಕೊಳ್ಳುವುದಾದರೆ ಕೂಡಲೇ ರಕ್ತ ಬಸಿದು, ಕರುಳು ತೆಗೆದು, ಐಸ್ ಮತ್ತು ಸಮುದ್ರದ ನೀರು ಬೆರೆಸಿದ ಪೆಟ್ಟಿಗೆಯಲ್ಲಿ ಮುಳುಗಿಸಿ. ಬ್ಲೂಫಿನ್ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ, ಸೆಣಸಾಡಿದ ಮೇಲಂತೂ ಇನ್ನೂ ಬಿಸಿ. ಬಿಸಿಲಲ್ಲಿ ಬಿಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಿಷದಂಥ ವಸ್ತು ಹೆಚ್ಚುತ್ತದೆ, ಅದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ.