ಮಳೆಗಾಲದ ಸುದ್ದಿಗಳ ನಡುವೆ ತಲೆಬಿಸಿ ಮಾಡಿಕೊಳ್ಳದಿರುವ ಬಗೆ

ಮಂಗಳೂರಿನಲ್ಲಿ ಮೊಬೈಲ್ ಅತಿ ಹೆಚ್ಚು ತಲೆಬಿಸಿ ತರುವುದು ಜೂನ್, ಜುಲೈ ತಿಂಗಳುಗಳಲ್ಲಿ. ನಾಳೆ ಶಾಲೆಗೆ ರಜೆಯೇ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಿದೆಯೇ, ಬಂಟ್ವಾಳದಲ್ಲಿ ನೇತ್ರಾವತಿ ಎಷ್ಟು ಏರಿದೆ ಎಂಬುದಕ್ಕೆಲ್ಲ ಶಾಲೆಯ ಗುಂಪು, ಕುಟುಂಬದ ಗುಂಪು, ದೈವಸ್ಥಾನದ ಸಮಿತಿಯ ಗುಂಪು ಒಟ್ಟಿಗೇ ಉತ್ತರ ಕೊಡತೊಡಗುತ್ತವೆ. ಮೊಬೈಲನ್ನು ಬದಿಗಿಡಿ ಎಂಬ ಸಲಹೆ ಇಲ್ಲಿ ನಡೆಯದು, ಏಕೆಂದರೆ ಈ ಸುದ್ದಿ ನಮಗೆ ನಿಜಕ್ಕೂ ಬೇಕು. ಅದು ಎಲ್ಲಿಂದ, ಯಾವಾಗ ಬರಬೇಕೆಂಬುದನ್ನು ಮಾತ್ರ ನಾವೇ ಗೊತ್ತುಮಾಡಿಕೊಳ್ಳಬೇಕು.

ಒಂದು ಪ್ರಶ್ನೆಗೆ ಒಂದೇ ಮೂಲ ಇರಲಿ. ರಜೆಗೆ ಜಿಲ್ಲಾಧಿಕಾರಿಯವರ ಆದೇಶ, ಮಳೆಗೆ ಹವಾಮಾನ ಇಲಾಖೆಯ ಮುನ್ಸೂಚನೆ, ಅಪಾಯ ಎದುರಾದರೆ ಜಿಲ್ಲಾಡಳಿತದ ಸಹಾಯವಾಣಿ 1077. ಇಲಾಖೆಯ ಭಾಷೆಯನ್ನು ಒಮ್ಮೆ ಕಲಿತರೆ ಅರ್ಧ ಗಾಬರಿ ಇಳಿಯುತ್ತದೆ. 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಸುರಿದರೆ ‘ಭಾರಿ’, 204.4ರವರೆಗೆ ‘ಅತಿ ಭಾರಿ’, ಅದನ್ನೂ ಮೀರಿದರೆ ‘ಅತ್ಯಂತ ಭಾರಿ’ ಮಳೆ. ಯೆಲ್ಲೋ ಅಲರ್ಟ್ ಗಮನವಿಡಲು ಹೇಳಿದರೆ ಆರೆಂಜ್ ಸಿದ್ಧರಾಗಿರಲು, ರೆಡ್ ಕ್ರಮ ಕೈಗೊಳ್ಳಲು ಹೇಳುತ್ತದೆ. ಎಚ್ಚರಿಕೆ ಇಡೀ ಜಿಲ್ಲೆಗೆ ಕೊಟ್ಟಾಗ ಅದರಲ್ಲಿ ಉಳ್ಳಾಲದ ಕಡಲ ದಡವೂ ಸುಬ್ರಹ್ಮಣ್ಯದ ಘಟ್ಟದ ಬುಡವೂ ಸೇರಿರುತ್ತವೆ; ಆದ್ದರಿಂದ ನಮ್ಮ ಅಂಗಳದಲ್ಲಿ ಬಿಸಿಲಿದ್ದ ಮಾತ್ರಕ್ಕೆ ಮುನ್ಸೂಚನೆ ಸುಳ್ಳಾಗುವುದಿಲ್ಲ, ಘಟ್ಟದಲ್ಲಿ ಸುರಿದ ಮಳೆಯಿಂದ ಕೆಳಗೆ ಹೊಳೆ ಏರುವುದೂ ತಪ್ಪುವುದಿಲ್ಲ.

ಉಳಿದ ಗುಂಪುಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಆರ್ಕೈವ್ ಮಾಡಿ, ಅಂದರೆ ಮುಖ್ಯ ಪಟ್ಟಿಯಿಂದ ಬದಿಗೆ ಸರಿಸಿಡಿ. ಗುಂಪು ಬಿಟ್ಟು ಹೊರಬಂದರೆ ಹಿರಿಯರಿಗೆ ಬೇಸರವಾದೀತು. ಆರ್ಕೈವ್ ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ.

ರಜೆಯ ಆದೇಶದ ಚಿತ್ರವೊಂದು ಬಂದಾಗ ಮೊದಲು ದಿನಾಂಕದ ಸಾಲನ್ನು, ಬಳಿಕ ತಾಲೂಕುಗಳ ಹೆಸರನ್ನು, ಕೊನೆಗೆ ಅದು ಅಂಗನವಾಡಿಯಿಂದ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬುದನ್ನು ಓದಿ. ದಿನಾಂಕದ ಭಾಗವೇ ಕತ್ತರಿಸಿ ಹೋಗಿದ್ದರೆ ಅದು ಹಿಂದಿನ ಯಾವುದೋ ಮಳೆಗಾಲದ್ದಿರಬಹುದೆಂದು ತಿಳಿದು, ಶಾಲೆಯವರನ್ನು ಕೇಳದೆ ಮುಂದೆ ಕಳಿಸಬೇಡಿ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಅದರಿಂದಲೇ ಅದು ಸುಳ್ಳೆಂದು ಹೇಳಲಾಗದಿದ್ದರೂ, ಕಳಿಸಿದವರಿಗೆ ಅದರ ಮೂಲ ಗೊತ್ತಿರುವ ಸಂಭವ ಕಡಿಮೆ.

ಸುದ್ದಿ ನೋಡುವ ಹೊತ್ತನ್ನೂ ನಿಗದಿ ಮಾಡಿಕೊಳ್ಳುವುದು ಒಳ್ಳೆಯದು: ರಾತ್ರಿ ಊಟಕ್ಕೆ ಮೊದಲು ಒಮ್ಮೆ, ಬೆಳಗ್ಗೆ ಎದ್ದೊಡನೆ ಒಮ್ಮೆ. ಹೊಳೆಯ ಬದಿಯಲ್ಲೋ ಕಡಲ್ಕೊರೆತದ ಜಾಗದಲ್ಲೋ ಮನೆಯಿರುವವರು ಈ ಮಾತನ್ನು ಪಾಲಿಸಬೇಕಿಲ್ಲ. ಅವರು ರಾತ್ರಿಯೂ ಕರೆಯ ಸದ್ದನ್ನು ಇಟ್ಟುಕೊಂಡಿರಬೇಕು.

ಪರವೂರಿನಲ್ಲಿರುವ ಮಕ್ಕಳ ಚಿಂತೆ ಬೇರೆಯದು. ದುಬೈಯಲ್ಲೋ ಮುಂಬಯಿಯಲ್ಲೋ ಕೂತವರು ಟಿವಿಯಲ್ಲಿ ನೀರು ನುಗ್ಗಿದ ದೃಶ್ಯ ಕಂಡು ಮನೆಯವರಿಗೆಲ್ಲ ಸರದಿಯಂತೆ ಕರೆ ಮಾಡುತ್ತಾರೆ. ಊರಿನಲ್ಲಿರುವ ಒಬ್ಬರು ಪ್ರತಿದಿನ ಒಂದೇ ಹೊತ್ತಿಗೆ, ಹೊಸತೇನೂ ಇಲ್ಲದಿದ್ದರೂ, ಹೊಳೆ ಎಲ್ಲಿಯವರೆಗಿದೆ, ಕರೆಂಟು ಇದೆಯೇ ಎಂದು ಎರಡು ಸಾಲು ಬರೆಯುವ ಜವಾಬ್ದಾರಿ ಹೊತ್ತರೆ ಆ ಕರೆಗಳು ತಾವಾಗಿ ಕಡಿಮೆಯಾಗುತ್ತವೆ.