ವೈದ್ಯರು ಬೆಡ್ ರೆಸ್ಟ್ ಹೇಳಿದಾಗ ಬಸುರಿಯೂ ಮನೆಯವರೂ ಮಾಡಬೇಕಾದುದು

ತಪಾಸಣೆಯ ಬಳಿಕ ವೈದ್ಯರು ‘ಬೆಡ್ ರೆಸ್ಟ್’ ಎಂದು ಬರೆದುಕೊಟ್ಟರೆ, ಅದು ಯಾವ ಕಾರಣಕ್ಕೆ ಮತ್ತು ಎಷ್ಟರ ಮಟ್ಟಿಗೆ ಎಂಬುದನ್ನು ಅಲ್ಲಿಂದ ಏಳುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಶೌಚಕ್ಕೆ ನಡೆದು ಹೋಗಬಹುದೇ, ಸ್ಟೂಲಿನಲ್ಲಿ ಕುಳಿತು ಸ್ನಾನ ಮಾಡಬಹುದೇ, ಮೆಟ್ಟಿಲು ಹತ್ತಬಹುದೇ, ಗಂಡ ಹೆಂಡಿರ ಸಂಪರ್ಕ ಬಿಡಬೇಕೇ, ಮುಂದಿನ ಪರಿಶೀಲನೆ ಯಾವಾಗ ಎಂಬ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಪಡೆದು, ಮನೆಯವರೆಲ್ಲರೂ ಓದುವಂತೆ ಕನ್ನಡದಲ್ಲಿ ಬರೆದಿಡುವುದು ಒಳ್ಳೆಯದು. ಕೇರಳದ ಕಾಸರಗೋಡಿನ ಕಡೆಯವರಿಗೆ ಚೀಟಿಯಲ್ಲಿರುವ ಇಂಗ್ಲಿಷ್ ಅಥವಾ ಮಲಯಾಳದ ಬರಹ ಅರ್ಥವಾಗದಿದ್ದರೆ ಆಶಾ ಕಾರ್ಯಕರ್ತೆಯಿಂದ ಓದಿಸಿಕೊಳ್ಳಲು ಸಂಕೋಚ ಬೇಡ.

ಇಷ್ಟು ವಿವರವಾಗಿ ಕೇಳುವುದಕ್ಕೆ ಕಾರಣವಿದೆ. ದಿನವಿಡೀ ಮಲಗಿಯೇ ಇದ್ದರೆ ಅವಧಿಗೆ ಮುನ್ನ ಹೆರಿಗೆಯಾಗುವುದು ತಪ್ಪುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲ. ಅದಕ್ಕಾಗಿ ಎಲ್ಲರಿಗೂ ವಾಡಿಕೆಯಂತೆ ಬೆಡ್ ರೆಸ್ಟ್ ಹೇಳಬಾರದೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆಯೂ ಸೂಚಿಸಿದೆ. ಬಹುಕಾಲ ಅಲುಗಾಡದೆ ಮಲಗಿದರೆ ಸ್ನಾಯುಗಳು ಸೊರಗುತ್ತವೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಹಾಗೆಂದು ವೈದ್ಯರ ಮಾತನ್ನು ತಾನಾಗಿ ಮೀರುವುದೂ ಸರಿಯಲ್ಲ. ಅನುಮತಿಯಿರುವ ಚಲನೆಯನ್ನು ಹೆದರಿಕೆಯಿಂದ ಬಿಡಬಾರದು ಎಂಬುದಷ್ಟೇ ನನ್ನ ಆಗ್ರಹ.

ಮಲಗುವಾಗ ಎಡಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬಿಟ್ಟುಕೊಂಡು ಮಲಗಬೇಕು. ದಿನ ತುಂಬುತ್ತಾ ಬಂದಂತೆ ಅಂಗಾತ ಮಲಗಿದರೆ ಗರ್ಭಕೋಶದ ಭಾರವು ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು ಬರುವುದುಂಟು. ವೈದ್ಯರು ಬೇಡವೆನ್ನದಿದ್ದರೆ, ಎಚ್ಚರವಿರುವಾಗ ಗಂಟೆಗೊಮ್ಮೆ ಪಾದಗಳನ್ನು ಮುಖದ ಕಡೆಗೆ ಎಳೆದು, ಮತ್ತೆ ಮುಂದಕ್ಕೆ ಚಾಚಿ, ಹತ್ತು ಹತ್ತು ಬಾರಿ ಆಡಿಸಬೇಕು. ಒಂದೇ ಕಾಲು ಊದಿಕೊಂಡು, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ತೈಲ ಹಚ್ಚಿ ತಿಕ್ಕಲೇಬಾರದು. ಹೆಪ್ಪುಗಟ್ಟಿದ ರಕ್ತ ಜಾರಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಂತಹ ಕಾಲನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು.

ಕಾಸರಗೋಡಿನ ಒಳನಾಡಿನ ಹಳೆಯ ಮನೆಗಳಲ್ಲಿ ಬಚ್ಚಲೂ ಶೌಚಾಲಯವೂ ಅಂಗಳದಾಚೆ ಇರುತ್ತವೆ. ಮಳೆಗಾಲದಲ್ಲಿ ಅಂಗಳ ಪಾಚಿ ಹಿಡಿದು ಜಾರುತ್ತದೆ. ಆದ್ದರಿಂದ ಹಾಸಿಗೆಯನ್ನು ಶೌಚಾಲಯಕ್ಕೆ ಹತ್ತಿರದ ಕೋಣೆಗೆ ಸಾಗಿಸಬೇಕು. ಹೊರಗೆ ಹೋಗಲೇಬೇಕಾದರೆ ಜೊತೆಗೊಬ್ಬರು ಇರಬೇಕು. ನೀರಿನ ಚೊಂಬು, ಮಾತ್ರೆ, ಫೋನು, ಚಾರ್ಜರು, ಟಾರ್ಚು ಕೈಗೆಟಕುವಲ್ಲಿರಲಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೇಗೂ ಮನೆಯಲ್ಲೇ ಇದ್ದಾಳೆಂದು ಬೀಡಿಯ ಮೊರವನ್ನು ಬಸುರಿಯ ಮಡಿಲಿಗೆ ಕೊಡಬಾರದು. ತಂಬಾಕಿನ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುತ್ತದೆ, ಅದರ ಧೂಳು ಉಸಿರಿನೊಂದಿಗೆ ಒಳಹೋಗುತ್ತದೆ. ಆದ್ದರಿಂದ ಬೀಡಿ ಕಟ್ಟುವ ಕೆಲಸ ಆ ಕೋಣೆಯಲ್ಲೇ ನಡೆಯಬಾರದು.

ಚಲನೆ ಕಡಿಮೆಯಾದಾಗ, ಅದರ ಮೇಲೆ ಕಬ್ಬಿಣದ ಮಾತ್ರೆಯೂ ಸೇರಿದಾಗ, ಮಲಬದ್ಧತೆ ಕಾಡುವುದು ಸಹಜ. ಮಾತ್ರೆ ನಿಲ್ಲಿಸದೆ ಕುಚ್ಚಿಲಕ್ಕಿ ಗಂಜಿ, ಬಸಳೆ, ಹರಿವೆ, ಹೆಸರುಕಾಳು, ಬಾಳೆಹಣ್ಣು, ಸಾಕಷ್ಟು ನೀರು ಸೇವಿಸಬೇಕು. ಗಂಜಿಗೆ ಉಪ್ಪಿನಕಾಯಿ, ಒಣಮೀನು ರೂಢಿಯಾದರೂ ರಕ್ತದೊತ್ತಡವಿರುವವರು ಅವುಗಳಿಂದ ದೂರವಿರುವುದು ಲೇಸು.

ಮನಸ್ಸಿನ ಪಾಡು ಹೊರಗೆ ಕಾಣುವುದಿಲ್ಲ. ಅಡುಗೆಯನ್ನೂ ದೊಡ್ಡ ಮಗುವಿನ ಆರೈಕೆಯನ್ನೂ ಅತ್ತೆಯ ಮೇಲೆ ಹೊರಿಸಿ ಮಲಗಿದ್ದೇನೆಂಬ ಕೊರಗು ಅನೇಕರನ್ನು ಒಳಗೊಳಗೇ ಹಿಂಡುತ್ತದೆ. ಬೆಳಿಗ್ಗೆ ಸೀರೆಯನ್ನೋ ನೈಟಿಯನ್ನೋ ಬದಲಿಸಿ, ಹಗಲಿಗೆ ಕಿಟಕಿಯ ಬಳಿಯ ಜಾಗವನ್ನೂ ರಾತ್ರಿಗೆ ಬೇರೆ ಜಾಗವನ್ನೂ ಇಟ್ಟುಕೊಂಡರೆ ದಿನಕ್ಕೊಂದು ಕ್ರಮ ಬರುತ್ತದೆ. ಮಗುವಿನ ಪಾಠ ಓದಿಸುವುದು, ಲೆಕ್ಕ ಬರೆಯುವುದು ಮಲಗಿದ್ದೂ ಮಾಡಬಹುದಾದ ಕೆಲಸಗಳು. ನಿದ್ರೆ ಬಾರದೆ, ಅಳು ನಿಲ್ಲದೆ ದಿನಗಳುರುಳಿದರೆ ವೈದ್ಯರಿಗೆ ಹೇಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಉದ್ಯೋಗದಲ್ಲಿರುವವರು ವೈದ್ಯರ ಪ್ರಮಾಣಪತ್ರವನ್ನು ಕೂಡಲೇ ಕಚೇರಿಗೆ ಕೊಡಬೇಕು. ಹೆರಿಗೆ ಸೌಲಭ್ಯದ ಕಾನೂನಿನ ವ್ಯಾಪ್ತಿಗೆ ಬರುವವರಿಗೆ ಹೆರಿಗೆ ರಜೆಯಲ್ಲದೆ ಗರ್ಭ ಸಂಬಂಧಿ ಅನಾರೋಗ್ಯಕ್ಕೆ ಗರಿಷ್ಠ ಒಂದು ತಿಂಗಳ ವೇತನಸಹಿತ ರಜೆಗೂ ಅವಕಾಶವಿದೆ.

ರಕ್ತಸ್ರಾವ, ಗರ್ಭದ ನೀರು ಹೋಗುವುದು, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಉಸಿರಾಟದ ತೊಂದರೆ, ಮಗುವಿನ ಚಲನೆ ಎಂದಿಗಿಂತ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ದೂರ. ಪೆರ್ಲ, ಮುಳ್ಳೇರಿಯದ ಕಡೆಯವರಿಗೆ ಮುಖ್ಯ ರಸ್ತೆ ಸೇರುವುದಕ್ಕೇ ಹೊತ್ತು ಬೇಕು. ರಾತ್ರಿ ಕರೆದರೂ ಬರುವ ಇಬ್ಬರು ವಾಹನದವರ ಸಂಖ್ಯೆ, 108 ಆಂಬ್ಯುಲೆನ್ಸ್, ಮೊದಲು ಹೋಗಬೇಕಾದ ಹತ್ತಿರದ ಆಸ್ಪತ್ರೆ ಯಾವುದೆಂಬ ನಿರ್ಧಾರ, ಸ್ಕ್ಯಾನಿಂಗ್ ವರದಿಗಳಿರುವ ಚೀಲ, ಇವೆಲ್ಲ ಮೊದಲೇ ಸಿದ್ಧವಿರಬೇಕು.

ವಿಶ್ರಾಂತಿ ಮುಗಿಯಿತೆಂದು ವೈದ್ಯರು ಹೇಳಿದ ದಿನವೇ ಮೊದಲಿನಂತೆ ಓಡಾಡಲಾಗದು. ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕುಳಿತು, ತಲೆಸುತ್ತಿಲ್ಲವೆಂದು ಖಚಿತವಾದ ಮೇಲೆ ಒಬ್ಬರ ಕೈ ಹಿಡಿದು ನಿಂತು, ಮೊದಲ ಕೆಲವು ದಿನ ಚಾವಡಿಯವರೆಗಷ್ಟೇ ನಡೆಯಬೇಕು.