ಪೆನಾಲ್ಟಿ ಜಗಳವನ್ನು ಹಿಂದಿನ ಸಂಜೆಯೇ ಮುಗಿಸಿದ್ದು

ಈ ಜನವರಿಯಲ್ಲಿ ಬೋಗಾದಿ ಕಡೆ ನಡೆಸಿದ ನಮ್ಮ ಸೆವೆನ್ಸ್ (ಟೀಮಿಗೆ ಏಳು ಜನರ ಫುಟ್‌ಬಾಲ್) ಟೂರ್ನಿಯಲ್ಲಿ 12 ಟೀಮು, 19 ಮ್ಯಾಚು. ನೆನಪಿದ್ದ ಹಾಗೆ ಎಂಟೋ ಒಂಬತ್ತೋ ಪೆನಾಲ್ಟಿ ಕೊಟ್ಟೆ. ಒಂದು ಟೀಮೂ ಗ್ರೌಂಡ್ ಬಿಟ್ಟು ಹೋಗಲಿಲ್ಲ. ಮೈಸೂರಲ್ಲಿ ಲೋಕಲ್ ಮ್ಯಾಚಿಗೆ ಸೀಟಿ ಊದಿದವರಿಗೆ ಇದು ಎಂಥ ವಿಷಯ ಅಂತ ಗೊತ್ತು. "ಪೆನಾಲ್ಟಿ ಜಗಳ ನಿಲ್ಲಿಸೋದಾ? ಇದೆಲ್ಲ ಆಗೋ ಕೆಲಸ ಅಲ್ಲ ಗುರು" ಅಂತ ಮೂರು ವರ್ಷ ನಕ್ಕವರು ಇದ್ದಾರಲ್ಲ, ಅವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಮೊದಲು ನಷ್ಟದ ಲೆಕ್ಕ. 2019ರ ಸೆಮಿಫೈನಲ್. ಕೀಪರ್ ಮುಂದೆ ನುಗ್ಗಿ ಬಂದ, ಬೆರಳ ತುದಿಯಲ್ಲಿ ಬಾಲ್ ಮುಟ್ಟಿದ, ಅದೇ ರಭಸದಲ್ಲಿ ಸ್ಟ್ರೈಕರ್‌ನ ಎರಡೂ ಕಾಲಿಗೆ ಬಿದ್ದ. ಪೆನಾಲ್ಟಿ ಕೊಟ್ಟೆ. "ಬಾಲ್ ಮೊದಲು ಮುಟ್ಟಿದಾನೆ ಸರ್!" ಅಂತ ಹದಿನೈದು ಜನ ಸುತ್ತುವರಿದರು. ಅದರಲ್ಲಿ ಆಡುವವರು ಏಳೇ ಜನ. ಬಾಲ್ ಮೊದಲು ಮುಟ್ಟಿದರೆ ಫೌಲ್ ಇಲ್ಲ ಅಂತ ರೂಲ್ ಬುಕ್ಕಿನಲ್ಲಿ ಎಲ್ಲೂ ಇಲ್ಲ, ಅದು ನಿಮಗೂ ಗೊತ್ತು, ಆದರೆ ಆ ಹೊತ್ತಲ್ಲಿ ನಿಂತು ಫೌಲಿನ 12ನೇ ನಿಯಮ ಓದಿ ಹೇಳೋಕಾಗುತ್ತಾ? ಟೀಮು ಎದ್ದು ಹೋಯಿತು, ಫೈನಲ್ ನಡೆಯಲೇ ಇಲ್ಲ. ಎಂಟ್ರಿ ಫೀಸು ವಾಪಸ್, ಗ್ರೌಂಡ್ ಬಾಡಿಗೆ, ಟ್ರೋಫಿ, ಎಲ್ಲ ಸೇರಿ ನನ್ನ ಕೈಯಿಂದ ಹೋಗಿದ್ದು 11,000ದ ಹತ್ತಿರ. ಮನೆಯಲ್ಲಿ 6,000 ಅಂತ ಹೇಳಿದ್ದೆ.

2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಮ್ಮಿನಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ, ಎದುರಾಳಿಗಳು ಬಾಲಿಗೆ ಅಡ್ಡ ಗೋಡೆ ಕಟ್ಟಿ ನಿಲ್ಲುವ ಮುಂಚೆಯೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದ್ದು, ಕೇರಳ ಬ್ಲಾಸ್ಟರ್ಸ್ ಟೀಮು ಆಟ ಬಿಟ್ಟು ನಡೆದಿದ್ದು ನೋಡಿದಾಗ ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ. ಅವರಿಗೆ ಬಿದ್ದ ದಂಡ 4 ಕೋಟಿ. ನಮ್ಮಲ್ಲಿ ಆಡುವ ಮಲಯಾಳಿ ಹುಡುಗರ ಟೀಮಂತೂ ಒಂದು ತಿಂಗಳು ಬೇರೆ ಮಾತೇ ಆಡಲಿಲ್ಲ.

2019ರ ಆ ಜಗಳದ ಆಮೇಲೆ ನಾನು ಮಾಡಿದ ಪ್ರಯತ್ನಗಳು ಒಂದಕ್ಕಿಂತ ಒಂದು ದಂಡ. ಬೆಂಗಳೂರಿಂದ ಇಬ್ಬರು ರೆಫರಿ ಕರೆಸಿದೆ. ಎರಡು ದಿನಕ್ಕೆ ಬಸ್ಸು, ಊಟ, ಫೀಸು ಸೇರಿ 9,000. ಚೆನ್ನಾಗಿಯೇ ಊದಿದರು, ಆದರೆ ನಮ್ಮ ಹುಡುಗರಿಗೆ ಅವರು ಹೊರಗಿನವರು, ಅಷ್ಟೇ ಸಾಕಾಯಿತು. ಇನ್ನೊಂದು ವರ್ಷ 12 ಮತ್ತು ಪೆನಾಲ್ಟಿಯ 14ನೇ ನಿಯಮವನ್ನು ಕೂತು ಕನ್ನಡದಲ್ಲಿ ಬರೆದು, ಜೆರಾಕ್ಸ್ ಮಾಡಿಸಿ ಪ್ರತಿ ಟೀಮಿಗೂ ಹಂಚಿದೆ. ಒಂದು ವಾರ ರಾತ್ರಿ ನಿದ್ದೆಗೆಟ್ಟ ಕೆಲಸ. ಮಾರನೇ ದಿನ ಗ್ರೌಂಡಿನ ಚುರುಮುರಿ ಗಾಡಿಯಲ್ಲಿ ಅದೇ ಹಾಳೆಯ ಪೊಟ್ಟಣದಲ್ಲಿ ನನಗೇ ಚುರುಮುರಿ ಕೊಟ್ಟರು. ಓದಿದರೆ, ನನ್ನದೇ ಅಕ್ಷರ, ಹ್ಯಾಂಡ್‌ಬಾಲ್ ಪುಟ.

2023ರ ಕೊನೆಗೆ ವಿಡಿಯೋ ತೆಗೆಯೋಕೆ ಗೋಲ್ ಹತ್ತಿರ ಫೋನ್ ಕಟ್ಟಿದೆ. ಹಳೇ ಫೋನ್ ಎರಡು, ಶಾಮಿಯಾನದವರ ಹತ್ತಿರ ಇಸ್ಕೊಂಡ ಗಳ ಎರಡು. ಒಬ್ಬೊಬ್ಬ ಕ್ಯಾಪ್ಟನ್ನಿಗೆ ಮ್ಯಾಚಿಗೆ ಒಂದು ಟೋಕನ್. ಅನುಮಾನ ಇದ್ದರೆ ಟೋಕನ್ ಕೊಡು, ನಾನು ವಿಡಿಯೋ ನೋಡಿ ಹೇಳುತ್ತೇನೆ. ಮರುವರ್ಷ ಫಿಫಾದವರು ಹೆಚ್ಚುಕಡಿಮೆ ಇದನ್ನೇ ಕೊಲಂಬಿಯಾದ ಹುಡುಗಿಯರ 20 ವರ್ಷದೊಳಗಿನ ವಿಶ್ವಕಪ್ಪಲ್ಲಿ ಮಾಡಿದರು, ಕೋಚ್ ಕೇಳಿದರೆ ರೀಪ್ಲೇ, ಮ್ಯಾಚಿಗೆ ಎರಡು ಸಲ. ನನ್ನದನ್ನು ನೋಡಿ ಕಲಿತರು ಅಂತ ನಾನು ಹೇಳಲ್ಲ. ನೀವು ಬೇಕಾದರೆ ಹೇಳಿ.

ಆದರೆ ಅದೂ ಮೊದಲ ಸಲ ಮಣ್ಣು ಮುಕ್ಕಿತು. ಟೋಕನ್ ಫ್ರೀ ಇತ್ತು, ಲೀಡಲ್ಲಿದ್ದ ಟೀಮೆಲ್ಲ ಟೈಮ್ ಕಳೆಯೋಕೆ ಬಳಸಿದವು. 100 ರೂಪಾಯಿ ಇಟ್ಟೆ, ಏಳು ಜನ ಹಂಚಿಕೊಂಡರೆ ಟೀ ಕಾಸು, ಯಾರಿಗೂ ನೋವಾಗಲಿಲ್ಲ. 500 ಇಟ್ಟೆ, ಟೋಕನ್ ಜೇಬಲ್ಲೇ ಉಳಿಸಿಕೊಂಡು ಬಾಯಲ್ಲಿ ಜಗಳಕ್ಕೆ ನಿಂತರು. ಕೊನೆಗೆ 300ಕ್ಕೆ ಬಂದು ನಿಂತಿತು. ಅವರು ಹೇಳಿದ್ದು ಸರಿ ಇದ್ದರೆ ದುಡ್ಡು ವಾಪಸ್, ತಪ್ಪಿದ್ದರೆ ಬಾಲ್ ಫಂಡಿಗೆ. ಫೋನ್ ಎರಡು ಸಲ ಬಾಲ್ ಬಿದ್ದು ಒಡೆಯಿತು, ರಿಪೇರಿಗೆ 4,500 ಚಿಲ್ಲರೆ. ಈಗ ಗೋಲ್ ಹಿಂದೆ ಒಂದು ಮಗ್ಗುಲಿಗೆ ಕಟ್ಟುತ್ತೇನೆ. ಎಷ್ಟು ಎತ್ತರ, ಯಾವ ಮಗ್ಗುಲು ಅಂತ ಕೇಳಬೇಡಿ. ಎರಡು ಸ್ಕ್ರೀನ್ ಒಡೆದುಕೊಂಡು ಕಲಿತಿದ್ದು.

ಇಷ್ಟಾದರೂ ಜಗಳ ನಿಲ್ಲಲಿಲ್ಲ. ಯಾಕೆಂದರೆ ವಿಡಿಯೋ ಒಂದೇ, ನೋಡುವ ಕಣ್ಣು ಎರಡು. 2018ರ ವಿಶ್ವಕಪ್ ಫೈನಲ್ಲಿನಲ್ಲಿ ಕ್ರೊಯೇಷಿಯಾದ ಪೆರಿಸಿಚ್ ಕೈಗೆ ಬಾಲ್ ತಾಗಿದ್ದನ್ನು ರೆಫರಿ ಪಿತಾನ ಟೀವಿಯಲ್ಲಿ ನೋಡಿ, ಹೊರಟು, ಮತ್ತೆ ತಿರುಗಿ ಬಂದು ನೋಡಿ ಪೆನಾಲ್ಟಿ ಕೊಟ್ಟರು. ಇವತ್ತಿಗೂ ಜನ ಒಪ್ಪಿಲ್ಲ. ಇನ್ನು ನನ್ನ ಗಳದ ಮೇಲಿನ ಫೋನ್ ಯಾವ ಲೆಕ್ಕ!

ಹಾಗಾಗಿ ಜಗಳವನ್ನು ಹಿಂದಿನ ಸಂಜೆಗೆ ತಂದೆ. ಇದೇ ನನ್ನ ಪದ್ಧತಿ, ಉಳಿದಿದ್ದೆಲ್ಲ ಇದರ ಬಾಲ. ಟೂರ್ನಿಯ ಹಿಂದಿನ ದಿನ ಹನ್ನೆರಡೂ ಕ್ಯಾಪ್ಟನ್ನುಗಳನ್ನು ಟೀ ಅಂಗಡಿಗೆ ಕರೆದು, ಒಂಬತ್ತು ಕ್ಲಿಪ್ ತೋರಿಸುತ್ತೇನೆ. ಟೀ, ಬೋಂಡ ನನ್ನ ಖರ್ಚು, 400 ಆಗುತ್ತೆ. ಮಾತಾಡುವ ಹಾಗಿಲ್ಲ. ಚೀಟಿಯಲ್ಲಿ ಪೆನಾಲ್ಟಿ, ಅಲ್ಲ, ಕಾರ್ಡ್ ಯಾವುದು, ಅಷ್ಟೇ ಬರೆಯಬೇಕು. ಚೀಟಿ ಬಿಚ್ಚಿದಾಗ ಶುರು ನೋಡಿ. 2014ರ ವಿಶ್ವಕಪ್ಪಿನ ನೆದರ್ಲೆಂಡ್ಸ್–ಮೆಕ್ಸಿಕೋ ಮ್ಯಾಚಿನ ಕೊನೇ ಗಳಿಗೆಯಲ್ಲಿ ಮೆಕ್ಸಿಕೋದ ಮಾರ್ಕೆಸ್ ಕಾಲಿಗೆ ನೆದರ್ಲೆಂಡ್ಸಿನ ರಾಬೆನ್ ಬಿದ್ದಿದ್ದಕ್ಕೆ ಈ ಸಲ ಆರು ಚೀಟಿ ಪೆನಾಲ್ಟಿ, ಆರು ಚೀಟಿ ನಾಟಕ. ಅದೇ ಮ್ಯಾಚಿನ ಫಸ್ಟ್ ಹಾಫಲ್ಲಿ ಒಂದು ಸಲ ಬೇಕಂತಲೇ ಬಿದ್ದೆ ಅಂತ ರಾಬೆನ್ ತಾನೇ ಒಪ್ಪಿಕೊಂಡಿದ್ದ ಅಂದಾಗ ಇಬ್ಬರು ಚೀಟಿ ವಾಪಸ್ ಕೇಳಿದರು! ಒಬ್ಬ ಕ್ಯಾಪ್ಟನ್ ಅಂತೂ ಒಂದೇ ಥರದ ಎರಡು ಕ್ಲಿಪ್ಪಿಗೆ ಎರಡು ಥರ ಬರೆದಿದ್ದ. ಅವನ ಮುಖ ನೋಡಬೇಕಿತ್ತು.

ಚೀಟಿ ಜಗಳ ಮುಗಿದ ಮೇಲೆ ನನ್ನ ಗೆರೆ ಎಲ್ಲಿ ಅಂತ ಹೇಳುತ್ತೇನೆ. ಗೋಲ್ ಮುಂದಿನ ಪೆನಾಲ್ಟಿ ಬಾಕ್ಸಿನ ಹೊರಗೆ ಎದುರಾಳಿಯ ಜರ್ಸಿ ಹಿಡಿದು ಒಳಗೂ ಬಿಡದಿದ್ದರೆ ಪೆನಾಲ್ಟಿ. ಸುಣ್ಣದ ಗೆರೆ ಮೇಲೆ ಫೌಲ್ ಆದರೂ ಪೆನಾಲ್ಟಿ, ಗೆರೆ ಬಾಕ್ಸಿಗೆ ಸೇರಿದ್ದು. ಹ್ಯಾಂಡ್‌ಬಾಲಿಗೆ ಕೈ ಅಂದರೆ ತೋಳಿನಲ್ಲಿ ಕಂಕುಳಿನ ಮಟ್ಟದಿಂದ ಕೆಳಗೆ. "ಕೊನೇ ಡಿಫೆಂಡರ್ ಅವನೇ, ಲಾಸ್ಟ್ ಮ್ಯಾನ್, ರೆಡ್ ಕೊಡಿ" ಅನ್ನೋ ಮಾತು ನನ್ನ ಹತ್ತಿರ ನಡೆಯಲ್ಲ. ಬಾಕ್ಸ್ ಒಳಗೆ ಬಾಲಿಗೇ ಕಾಲು ಹಾಕೋಕೆ ಹೋಗಿ ಗೋಲಿನ ಅವಕಾಶ ತಪ್ಪಿಸಿದರೆ 2016ರಿಂದ ಪೆನಾಲ್ಟಿ ಜೊತೆಗೆ ಯೆಲ್ಲೋ ಮಾತ್ರ. ಹಿಂದಿಂದ ಎಳೆದರೆ ರೆಡ್ಡೇ. ಇದನ್ನೆಲ್ಲ ಅವರು ಮೊದಲೂ ಕೇಳಿದ್ದರು, ಆದರೆ ತಮ್ಮ ಟೀಮಿನ ವಿರುದ್ಧ ಸೀಟಿ ಊದಿದ ಮೇಲೆ ಕೇಳಿದ್ದರು. ಬೋಂಡ ತಿನ್ನುತ್ತಾ ಕೇಳಿದಾಗ ಅದೇ ಮಾತು ಒಳಗೆ ಇಳಿಯುತ್ತೆ.

ಮಧ್ಯದಲ್ಲಿ ಸುಮ್ನೆ ಒಂದು ಆಟ ಆಡಿ ನೋಡಿದೆ. ಅರ್ಧ ಜನಕ್ಕೆ ಕ್ಲಿಪ್ ಸೌಂಡ್ ಇಟ್ಟು, ಅರ್ಧ ಜನಕ್ಕೆ ಸೌಂಡ್ ತೆಗೆದು. ಬಿದ್ದವನ ಕಿರುಚಾಟ ಕೇಳಿದವರು ಫೌಲ್ ಅಂದಿದ್ದೇ ಜಾಸ್ತಿ. ನಿಧಾನಕ್ಕೆ ಓಡಿಸಿ ತೋರಿಸಿದರೆ ಇನ್ನೂ ಜಾಸ್ತಿ, ಎಲ್ಲ ಟ್ಯಾಕಲ್ಲೂ ಕೊಲೆಯ ಹಾಗೆ ಕಾಣುತ್ತೆ. ಅದಕ್ಕೇ ಗ್ರೌಂಡಲ್ಲಿ ರೀಪ್ಲೇ ನೋಡುವಾಗ ಸೌಂಡ್ ಇಲ್ಲ. ಎಲ್ಲಿ ತಾಗಿತು ಅಂತ ನೋಡೋಕೆ ಮಾತ್ರ ಸ್ಲೋ, ಎಷ್ಟು ಜೋರು ಅನ್ನೋಕೆ ಮಾಮೂಲಿ ಸ್ಪೀಡು.

ಈ ಸಲ ಏಳು ಟೋಕನ್ ಬಂತು. ಐದು ಫಂಡಿಗೆ, ಅಂದರೆ 1,500 ರೂಪಾಯಿ, ಒಂದು ಬಾಲು ಬಂತು. ಎರಡರಲ್ಲಿ ನಾನೇ ತಪ್ಪು. ಅದರಲ್ಲಿ ಒಂದು ಸೆಮಿಫೈನಲ್ಲಿನದು, ಮತ್ತೆ ಕೀಪರ್, ಮತ್ತೆ ಬೆರಳ ತುದಿ. ಆದರೆ ಈ ಕೀಪರ್ ಸ್ಟ್ರೈಕರ್‌ನನ್ನು ಮುಟ್ಟೇ ಇರಲಿಲ್ಲ, ಅವನೇ ಕಾಲು ಎಳೆದುಕೊಂಡು ಬಂದು ಬಿದ್ದಿದ್ದ. ಪೆನಾಲ್ಟಿ ವಾಪಸ್ ತೆಗೆದುಕೊಂಡೆ, 300 ಕೈಗಿಟ್ಟೆ. ಬಿದ್ದವನ ಕ್ಯಾಪ್ಟನ್ ಬಂದು, "ನಾಲ್ಕನೇ ಕ್ಲಿಪ್ ಥರಾನೇ ಅಲ್ವಾ ಸರ್" ಅಂದು ವಾಪಸ್ ಹೋದ.

ಮಂಡ್ಯದಲ್ಲಿ ಟೂರ್ನಿ ನಡೆಸುವ ಒಬ್ಬರು, ಮೊದಲು ನಕ್ಕವರಲ್ಲಿ ಅವರೂ ಒಬ್ಬರು, ಹೋದ ವಾರ ಫೋನ್ ಮಾಡಿ ಕ್ಲಿಪ್ ಕಳಿಸಿ ಅಣ್ಣ ಅಂದರು. ಎಂಟು ಕಳಿಸಿದೆ.